ಲಿನಕ್ಸ್‌ನಲ್ಲಿ ತುಂಬಿ ಉಳಿಸಿದ ಪಿಡಿಎಫ್ ಅರ್ಜಿ ಬೇರೆಯವರ ಬಳಿ ಖಾಲಿಯಾಗಿ ಕಾಣುತ್ತಿದೆ, ಏನು ಮಾಡಬೇಕು?

ಪ್ರಶ್ನೆ

ನಮಸ್ಕಾರ. ಭರ್ತಿ ಮಾಡಬಹುದಾದ ಪಿಡಿಎಫ್ ಅರ್ಜಿಗಳನ್ನು ಲಿನಕ್ಸ್‌ನಲ್ಲಿ ಇಂಟರ್ನೆಟ್ ಸಂಪರ್ಕವಿಲ್ಲದೆಯೇ ತುಂಬಿ, ಉಳಿಸಿ, ಬೇಕೆನಿಸಿದಾಗ ಮತ್ತೆ ತೆರೆದು ತಿದ್ದುವ ವಿಶ್ವಾಸಾರ್ಹ ವಿಧಾನವೊಂದು ನನಗೆ ಬೇಕಾಗಿದೆ. ಅರ್ಜಿಗಳಲ್ಲಿ ಖಾತೆ ಸಂಖ್ಯೆ, ಹುಟ್ಟಿದ ದಿನಾಂಕ ಮೊದಲಾದ ವಿವರಗಳಿರುವುದರಿಂದ ಅವನ್ನು ಯಾವುದೇ ಜಾಲತಾಣಕ್ಕೆ ಅಪ್‌ಲೋಡ್ ಮಾಡಲು ನಾನು ಸಿದ್ಧನಿಲ್ಲ.

ಈಗ ಎದುರಾಗಿರುವ ತೊಂದರೆ ಎರಡು ಬಗೆಯದು. ಒಂದು ಅರ್ಜಿಯನ್ನು ತುಂಬಿ ಉಳಿಸಿದ ಮೇಲೆ ನನ್ನ ಕಂಪ್ಯೂಟರ್‌ನಲ್ಲಿ ಎಲ್ಲವೂ ಸರಿಯಾಗಿ ಕಾಣುತ್ತದೆ. ಆದರೆ ಇಮೇಲ್‌ನಲ್ಲಿ ಅದನ್ನು ಪಡೆದವರು, ಖಾನೆಗಳು ಖಾಲಿಯಿದ್ದು, ಖಾನೆಯ ಮೇಲೆ ಕ್ಲಿಕ್ ಮಾಡಿದಾಗ ಮಾತ್ರ ಅಕ್ಷರಗಳು ಕಾಣಿಸಿಕೊಂಡು, ಬೇರೆಡೆ ಕ್ಲಿಕ್ ಮಾಡಿದೊಡನೆ ಮರೆಯಾಗುತ್ತವೆ ಎಂದು ತಿಳಿಸಿದ್ದಾರೆ. ಇನ್ನೊಂದು ಅರ್ಜಿಯಂತೂ ತೆರೆದುಕೊಳ್ಳುವುದೇ ಇಲ್ಲ, ದಯವಿಟ್ಟು ಕಾಯಿರಿ ಎಂಬರ್ಥದ ಇಂಗ್ಲಿಷ್ ಸಂದೇಶವಿರುವ ಒಂದೇ ಪುಟ ಕಾಣುತ್ತದೆ. ಬಲ್ಲವರು ದಯವಿಟ್ಟು ತಿಳಿಸಿಕೊಡಬೇಕು.

ಉತ್ತರ 1

ನಿಮ್ಮ ಮೊದಲ ತೊಂದರೆಯ ವಿವರಣೆಯಲ್ಲೇ ಅದರ ಕಾರಣವೂ ಇದೆ. ಪಿಡಿಎಫ್ ಅರ್ಜಿಯ ಪ್ರತಿಯೊಂದು ಖಾನೆಗೂ ಎರಡು ಸಂಗತಿಗಳು ಬೇರೆಬೇರೆಯಾಗಿ ಕಡತದೊಳಗೆ ಸೇರುತ್ತವೆ: ನೀವು ಟೈಪ್ ಮಾಡಿದ ಮೌಲ್ಯ ಒಂದು, ಆ ಮೌಲ್ಯ ಪುಟದ ಮೇಲೆ ಹೇಗೆ ಕಾಣಬೇಕೆಂಬ ಚಿತ್ರಣ ಇನ್ನೊಂದು. ಮೌಲ್ಯ ಮಾತ್ರ ಉಳಿದು ಚಿತ್ರಣ ಹೊಸದಾಗದೆ ಹೋದರೆ, ಕೆಲವು ವೀಕ್ಷಕ ತಂತ್ರಾಂಶಗಳು ತಾವೇ ಅದನ್ನು ರಚಿಸಿ ತೋರಿಸುತ್ತವೆ, ಉಳಿದವು ಹಳೆಯ ಖಾಲಿ ಚಿತ್ರಣವನ್ನೇ ತೋರಿಸುತ್ತವೆ. ಕ್ಲಿಕ್ ಮಾಡಿದಾಗ ಖಾನೆ ತಿದ್ದುವ ಸ್ಥಿತಿಗೆ ಬರುವುದರಿಂದ ಮೌಲ್ಯ ಕಾಣಿಸುತ್ತದೆ, ಹೊರಗೆ ಬಂದಕೂಡಲೇ ಮತ್ತೆ ಖಾಲಿ ಚಿತ್ರಣ ಮರಳುತ್ತದೆ. ನಿಮ್ಮ ಮಾಹಿತಿ ಕಳೆದುಹೋಗಿಲ್ಲವೆಂಬುದು ಇದರಿಂದ ಖಚಿತ.

ಇದಕ್ಕೆ ಕ್ಯೂಪಿಡಿಎಫ್ ಎಂಬ ಉಪಕರಣವನ್ನು ಬಳಸಬಹುದು. ಟರ್ಮಿನಲ್‌ನಲ್ಲಿ, ಅಂದರೆ ಕಮಾಂಡ್‌ಗಳನ್ನು ಟೈಪ್ ಮಾಡುವ ಕಿಟಕಿಯಲ್ಲಿ, ಅದರ ‘ಜನರೇಟ್ ಅಪಿಯರೆನ್ಸಸ್’ ಆಯ್ಕೆಯನ್ನು ಕೊಟ್ಟು, ತುಂಬಿದ ಕಡತದಿಂದ ಹೊಸ ಕಡತವನ್ನು ಪಡೆದರೆ ಖಾನೆಗಳ ಚಿತ್ರಣ ಮರುರಚನೆಯಾಗುತ್ತದೆ. ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳಿಗೆ ಇಷ್ಟು ಸಾಕು.

ಒಕ್ಯುಲರ್ ಎಂಬ ಪಿಡಿಎಫ್ ವೀಕ್ಷಕ ತಂತ್ರಾಂಶವನ್ನು ಬಳಸುವವರು ಆವೃತ್ತಿಯನ್ನೂ ಗಮನಿಸಬೇಕು. ಅದರ ಹಳೆಯ ಆವೃತ್ತಿಗಳು ತುಂಬಿದ ವಿವರಗಳನ್ನು ಪಿಡಿಎಫ್‌ನೊಳಗೆ ಬರೆಯದೆ ಬಳಕೆದಾರರ ಹೋಮ್ ಫೋಲ್ಡರಿನೊಳಗೆ ಪ್ರತ್ಯೇಕ ಕಡತದಲ್ಲಿ ಇಟ್ಟುಕೊಳ್ಳುತ್ತಿದ್ದವು. ಆದ್ದರಿಂದ ಅದೇ ಕಂಪ್ಯೂಟರ್‌ನಲ್ಲಿ ಎಲ್ಲವೂ ಕಾಣುತ್ತಿತ್ತು, ಬೇರೆಡೆಗೆ ಕಳುಹಿಸಿದರೆ ಏನೂ ಇರುತ್ತಿರಲಿಲ್ಲ. ಈಗಿನ ಆವೃತ್ತಿಗಳಲ್ಲಿ ಉಳಿಸಿದ್ದು ನೇರವಾಗಿ ಕಡತಕ್ಕೇ ಸೇರುತ್ತದೆ.

ಉತ್ತರ 2

ಎರಡನೆಯ ಅರ್ಜಿ ಎಕ್ಸ್‌ಎಫ್‌ಎ ಎಂಬ ಬೇರೆ ಜಾತಿಗೆ ಸೇರಿದ್ದು. ಸಾಮಾನ್ಯ ಪಿಡಿಎಫ್ ಅರ್ಜಿಗಳು ಆಕ್ರೋಫಾರ್ಮ್ ಎಂಬ ವಿಧಾನವನ್ನು ಅನುಸರಿಸುತ್ತವೆ. ಎಕ್ಸ್‌ಎಫ್‌ಎ ಎಂಬುದು 2003ರಲ್ಲಿ ಪಿಡಿಎಫ್ 1.5ರೊಂದಿಗೆ ಬಂದು, 2017ರ ಪಿಡಿಎಫ್ 2.0 ಮಾನಕದಲ್ಲಿ ಕೈಬಿಡಲು ಸೂಚಿಸಲಾದ ವಿಧಾನ. ಆದರೂ ಅದರಲ್ಲಿ ರಚಿಸಿದ ಅರ್ಜಿಗಳು ಇಂದಿಗೂ ಚಲಾವಣೆಯಲ್ಲಿವೆ. ಇಂಥ ಅರ್ಜಿಗಳನ್ನು ತೆರೆಯಬಲ್ಲ ಅಡೋಬಿ ರೀಡರ್‌ನ ಲಿನಕ್ಸ್ ಆವೃತ್ತಿ 2013ರ 9.5.5ಕ್ಕೇ ನಿಂತುಹೋಗಿರುವುದರಿಂದ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ಆದರೆ ಫೈರ್‌ಫಾಕ್ಸ್ ಬ್ರೌಸರ್ 2021ರಲ್ಲಿ ಬಂದ 93ನೆಯ ಆವೃತ್ತಿಯಿಂದ ಎಕ್ಸ್‌ಎಫ್‌ಎ ಅರ್ಜಿಗಳನ್ನು ತೆರೆಯುತ್ತಿದೆ. ಕಂಟ್ರೋಲ್ ಮತ್ತು ಒ ಕೀಲಿಗಳನ್ನು ಒತ್ತಿ ಕಡತವನ್ನು ತೆರೆದು, ತುಂಬಿ, ಪಿಡಿಎಫ್ ಪುಟದ ಮೇಲ್ಭಾಗದಲ್ಲಿರುವ ಉಳಿಸುವ ಗುಂಡಿಯನ್ನು ಒತ್ತಿ. ಅದು ಬ್ರೌಸರ್ ಆದರೂ ಈ ಕೆಲಸವೆಲ್ಲ ನಿಮ್ಮ ಕಂಪ್ಯೂಟರ್‌ನಲ್ಲೇ ನಡೆಯುತ್ತದೆ, ಕಡತ ಎಲ್ಲಿಗೂ ಹೋಗುವುದಿಲ್ಲ. ಮುದ್ರಣದ ಮೂಲಕ ಪಿಡಿಎಫ್ ಮಾಡಿಕೊಳ್ಳಬೇಡಿ. ಹಾಗೆ ಮಾಡಿದರೆ ಖಾನೆಗಳು ಅಳಿದು ಮುಂದೆ ತಿದ್ದಲಾಗುವುದಿಲ್ಲ.

ಅರ್ಜಿ ಯಾವ ಜಾತಿಯದೆಂದು ತುಂಬುವ ಮೊದಲೇ ತಿಳಿಯುವುದು ಒಳ್ಳೆಯದು. ಪಾಪ್ಲರ್ ಎಂಬ ಪಿಡಿಎಫ್ ಉಪಕರಣಗಳ ಜೊತೆಗೆ ಬರುವ ಪಿಡಿಎಫ್‌ಇನ್ಫೊ ಕಮಾಂಡ್‌ಗೆ ಕಡತದ ಹೆಸರನ್ನು ಕೊಟ್ಟರೆ ‘ಫಾರ್ಮ್’ ಎಂಬ ಸಾಲಿನಲ್ಲಿ ಅದನ್ನು ತೋರಿಸುತ್ತದೆ. ಕೆಲವು ಕಡತಗಳಲ್ಲಿ ಎರಡೂ ವಿಧಾನಗಳು ಜೊತೆಗಿರುತ್ತವೆ. ಅಂಥವುಗಳಲ್ಲಿ ನಾವು ಆಕ್ರೋಫಾರ್ಮ್ ಭಾಗವನ್ನು ಮಾತ್ರ ತುಂಬಿದ್ದರೆ, ಎಕ್ಸ್‌ಎಫ್‌ಎ ಭಾಗವನ್ನು ಓದುವ ತಂತ್ರಾಂಶದಲ್ಲಿ ಅರ್ಜಿ ಖಾಲಿಯಾಗಿಯೇ ಕಾಣಬಹುದು. ಪಿಡಿಎಫ್‌ಟಿಕೆ ಎಂಬ ಇನ್ನೊಂದು ಟರ್ಮಿನಲ್ ಉಪಕರಣದ ‘ಡ್ರಾಪ್ ಎಕ್ಸ್‌ಎಫ್‌ಎ’ ಆಯ್ಕೆಯಿಂದ ಆ ಭಾಗವನ್ನು ತೆಗೆದುಹಾಕಬಹುದು. ಕಾಯಿರಿ ಎಂಬ ಪುಟವಷ್ಟೇ ಇರುವ ನಿಮ್ಮ ಅರ್ಜಿಗೆ ಈ ಉಪಾಯ ಒದಗದು, ಏಕೆಂದರೆ ಅದರಲ್ಲಿ ಎಕ್ಸ್‌ಎಫ್‌ಎ ತೆಗೆದರೆ ಉಳಿಯುವುದು ಆ ಒಂದು ಪುಟವೇ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಫೈರ್‌ಫಾಕ್ಸ್‌ನಲ್ಲಿ ಎರಡನೆಯ ಅರ್ಜಿ ತೆರೆದುಕೊಂಡಿತು. ಮೊದಲನೆಯದು ಆಕ್ರೋಫಾರ್ಮ್ ಎಂದು ತಿಳಿಯಿತು, ಕ್ಯೂಪಿಡಿಎಫ್‌ನಿಂದ ಇಂಗ್ಲಿಷ್ ಖಾನೆಗಳೂ ಸರಿಹೋದವು. ಆದರೆ ಕನ್ನಡದಲ್ಲಿ ತುಂಬಿದ ಹೆಸರು ಮತ್ತು ವಿಳಾಸದ ಖಾನೆಗಳಲ್ಲಿ ಚೌಕಗಳಷ್ಟೇ ಕಾಣುತ್ತಿವೆ.

ಉತ್ತರ 3

ಅರ್ಜಿ ರಚಿಸಿದವರು ಆ ಖಾನೆಗೆ ಹೆಲ್ವೆಟಿಕಾದಂಥ ಫಾಂಟನ್ನು ನಿಗದಿಪಡಿಸಿರುತ್ತಾರೆ, ಅದರಲ್ಲಿ ಕನ್ನಡ ಅಕ್ಷರಗಳೇ ಇಲ್ಲ. ಫಾಂಟ್ ಒದಗಿಸಿದರೂ ಒತ್ತಕ್ಷರ, ಗುಣಿತಾಕ್ಷರಗಳನ್ನು ಸರಿಯಾಗಿ ಜೋಡಿಸುವ ಕೆಲಸ ಬೇರೆಯೇ ಇದೆ, ಖಾನೆಗಳ ವಿಷಯದಲ್ಲಿ ಅದನ್ನು ಎಲ್ಲ ತಂತ್ರಾಂಶಗಳೂ ಮಾಡುವುದಿಲ್ಲ. ಆದ್ದರಿಂದ ಇಂಗ್ಲಿಷ್ ಮತ್ತು ಅಂಕಿಯ ಖಾನೆಗಳನ್ನು ಮೊದಲು ತುಂಬಿ ಉಳಿಸಿ, ಕನ್ನಡದ ಖಾನೆಗಳನ್ನು ಖಾಲಿ ಬಿಟ್ಟು, ಆ ಕಡತವನ್ನು ಪಿಡಿಎಫ್ ಪುಟಗಳ ಮೇಲೆ ಬರೆಯಲು ಬಳಸುವ ಕ್ಸೋರ್ನಲ್ ಪ್ಲಸ್ ಪ್ಲಸ್ ತಂತ್ರಾಂಶದಲ್ಲಿ ತೆರೆದು ಅಕ್ಷರದ ಉಪಕರಣದಿಂದ ಪುಟದ ಮೇಲೆಯೇ ಕನ್ನಡವನ್ನು ಟೈಪ್ ಮಾಡಿ ಪಿಡಿಎಫ್ ಆಗಿ ರಫ್ತು ಮಾಡುವುದು ನನ್ನ ಮಟ್ಟಿಗೆ ಭರವಸೆಯ ದಾರಿ. ಅಲ್ಲಿ ಒತ್ತಕ್ಷರಗಳು ಸರಿಯಾಗಿ ಕೂಡುತ್ತವೆ.

ಹೀಗೆ ರಫ್ತಾದ ಪ್ರತಿಯಲ್ಲಿ ಖಾನೆಗಳು ಉಳಿಯುವುದಿಲ್ಲ. ಆದ್ದರಿಂದ ಮುಂದೆ ತಿದ್ದಲು ಕ್ಸೋರ್ನಲ್‌ನ ಸ್ವಂತ ಕಡತವನ್ನೂ ತುಂಬಿದ ಮೂಲ ಪಿಡಿಎಫ್ಅನ್ನೂ ಜೋಪಾನವಾಗಿಡಿ. ಮೊದಲನೆಯದು ಎರಡನೆಯದನ್ನು ಅದಿರುವ ಜಾಗದಿಂದಲೇ ಓದಿಕೊಳ್ಳುವುದರಿಂದ ಪಿಡಿಎಫ್‌ನ ಹೆಸರನ್ನಾಗಲಿ ಫೋಲ್ಡರನ್ನಾಗಲಿ ಬದಲಿಸಬೇಡಿ. ಡಿಜಿಟಲ್ ಸಹಿ ಬೇಕಾದ ಅರ್ಜಿಯಾದರೆ ಈ ಎಲ್ಲ ಕೆಲಸ ಮುಗಿದ ಮೇಲೆ ರಫ್ತಾದ ಪ್ರತಿಗೆ ಸಹಿ ಮಾಡಿ, ಏಕೆಂದರೆ ಸಹಿಯ ನಂತರ ಕಡತವನ್ನು ಹೀಗೆ ಮರುರಚಿಸಿದರೆ ಆ ಸಹಿ ಊರ್ಜಿತವಾಗಿ ಉಳಿಯುವುದಿಲ್ಲ.