ಅಪ್‌ಡೇಟ್: ಡಿ-ಜೆಟ್ರಾನಿಕ್ ಪ್ರೆಶರ್ ಸೆನ್ಸರ್ ರಿಪೇರಿ ಆಯ್ತು, ಕಪ್ಪು ಹೊಗೆ ನಿಂತಿತು

ಡಿ-ಜೆಟ್ರಾನಿಕ್ (ಇಂಜಿನ್ ಒಳಗೆಳೆಯುವ ಗಾಳಿಯ ಒತ್ತಡ ನೋಡಿ ಪೆಟ್ರೋಲ್ ಅಳೆದು ಕೊಡುವ ಬಾಷ್ ಕಂಪನಿಯ ಹಳೇ ವ್ಯವಸ್ಥೆ) ಇಂಜೆಕ್ಷನ್ ಇರುವ ನನ್ನ ಹಳೇ ಕಾರು ಕಪ್ಪು ಹೊಗೆ ಬಿಡ್ತಿದೆ, ಪೆಟ್ರೋಲ್ ಸುಮ್ನೆ ಕುಡಿತಿದೆ ಅಂತ ಕೇಳಿದ್ದೆನಲ್ಲ, ಈಗ ಸರಿಹೋಗಿದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ಟೆಂಪರೇಚರ್ ಸೆನ್ಸರ್ ಬದಲಾಯಿಸಿದ್ದರಿಂದ ಏನೂ ಆಗಲಿಲ್ಲ. ಫ್ಯೂಯೆಲ್ ಪ್ರೆಶರ್ ಸರಿಯಾಗೇ ಇತ್ತು, ಸುಮಾರು 2 ಬಾರ್. ಡಿಸ್ಟ್ರಿಬ್ಯೂಟರ್ ಒಳಗಿನ ಟ್ರಿಗರ್ ಪಾಯಿಂಟ್ (ಇಂಜೆಕ್ಟರಿಗೆ ಯಾವಾಗ ತೆರೆಯಬೇಕು ಅಂತ ಸಿಗ್ನಲ್ ಕೊಡೋ ಸ್ವಿಚ್) ತಿಕ್ಕಿದ್ದೂ ದಂಡ.

ಕೆಲಸ ಮಾಡಿದ್ದು ಪ್ರೆಶರ್ ಸೆನ್ಸರ್ ಸೋರುತ್ತಾ ಅಂತ ಕೈಪಂಪಿನಿಂದ ನೋಡಿ ಅನ್ನೋ ಸಲಹೆ. ಸೆನ್ಸರಿನ ಪೈಪಿಗೆ ವ್ಯಾಕ್ಯೂಮ್ ಪಂಪ್ ಹಾಕಿ ಎಳೆದೆ, ಪಂಪಿನ ಗೇಜಿನ ಮುಳ್ಳು ನಿಲ್ಲದೆ ಕಣ್ಣೆದುರೇ ಇಳಿದುಹೋಯಿತು, ಅಂದ್ರೆ ಸೆನ್ಸರ್ ಸೋರುತ್ತಿತ್ತು. ತಮಾಷೆ ಅಂದ್ರೆ ಮಲ್ಟಿಮೀಟರಿನಲ್ಲಿ ಎಲ್ಲ ಸರಿ: 7-15 ಪಿನ್ ನಡುವೆ ಸುಮಾರು 90 ಓಮ್, 8-10 ನಡುವೆ ಸುಮಾರು 350. ಕಾಯಿಲ್ ಚೆನ್ನಾಗಿದ್ದರೂ ಒಳಗೆ ಗಾಳಿ ಸೋರಬಹುದು, ಇದು ಮೀಟರಿಗೆ ಕಾಣಲ್ಲ.

ಬಿಚ್ಚಿದಾಗ ಒಳಗಿನ ಡಯಾಫ್ರಾಮ್ (ಒತ್ತಡಕ್ಕೆ ಬಾಗುವ ತೆಳು ತಗಡು) ಮೇಲ್ನೋಟಕ್ಕೆ ಹೊಸದರಂತೆ ಇತ್ತು. ಹಿಂದಿನಿಂದ ಟಾರ್ಚ್ ಹಿಡಿದಾಗ ಮಾತ್ರ ಕೂದಲೆಳೆಯಷ್ಟು ಬಿರುಕು ಹೊಳೆಯಿತು. ಅಲ್ಲಿಂದ ಗಾಳಿ ನುಗ್ಗಿದರೆ ಇಂಜಿನ್ ಮೇಲೆ ಲೋಡ್ ಜಾಸ್ತಿ ಇದೆ ಅಂತ ಸೆನ್ಸರ್ ಹೇಳುತ್ತೆ, ಕಂಟ್ರೋಲ್ ಯೂನಿಟ್ ಪೆಟ್ರೋಲ್ ಸುರಿಯುತ್ತೆ.

ಹೊಸ ಡಯಾಫ್ರಾಮ್ ಹಾಕುವುದು ಸುಲಭ, ಕ್ಯಾಲಿಬ್ರೇಷನ್ನೇ ತಲೆನೋವು. ಎಪಾಕ್ಸಿ ಮುಚ್ಚಳದ ಕೆಳಗಿನ ಸ್ಕ್ರೂ ಮುಟ್ಟುವ ಮೊದಲೇ ಗುರುತು ಹಾಕಿ, ಫೋಟೋ ತೆಗೀರಿ. ಎಲ್‌ಸಿಆರ್ ಮೀಟರಿನಲ್ಲಿ ಬೇರೆ ಬೇರೆ ವ್ಯಾಕ್ಯೂಮಿಗೆ ಇಂಡಕ್ಟೆನ್ಸ್ (ಒತ್ತಡದ ಜೊತೆ ಬದಲಾಗುವ ಕಾಯಿಲಿನ ಅಳತೆ) ನೋಡುತ್ತಾ, ಇದೇ ಪಾರ್ಟ್ ನಂಬರಿನ ಒಳ್ಳೆ ಸೆನ್ಸರಿಗೆ ಹೊಂದಿಸಿದೆ. ಬೇರೆ ನಂಬರಿನದಕ್ಕೆ ಹೊಂದಿಸಿದರೆ ಪ್ರಯೋಜನವಿಲ್ಲ. ಕೊನೆಗೆ ವೈಡ್‌ಬ್ಯಾಂಡ್ ಮೀಟರ್ (ಎಕ್ಸಾಸ್ಟ್ ನೋಡಿ ಗಾಳಿ-ಪೆಟ್ರೋಲ್ ಪ್ರಮಾಣ ತೋರಿಸುವುದು) ಇಟ್ಟು ಓಡಿಸಿ ಸ್ಕ್ರೂ ಚೂರೇ ಚೂರು ತಿರುಗಿಸಿದೆ. ಐಡಲ್ ಈಗ ಸ್ಥಿರ. ತಣ್ಣಗಿರುವಾಗ ಇನ್ನೂ ಸ್ವಲ್ಪ ರಿಚ್ (ಪೆಟ್ರೋಲ್ ಜಾಸ್ತಿ) ಅನ್ಸುತ್ತೆ, ಅದನ್ನ ಆಮೇಲೆ ನೋಡ್ತೀನಿ.