ವರ್ಡ್‌ನಲ್ಲಿ ರಕ್ತದಾನ ಶಿಬಿರದ ಕರಪತ್ರ: ಒತ್ತಕ್ಷರ ಕತ್ತರಿಸಿ ಹೋಗುತ್ತಿದೆ, ಸಹಾಯ ಮಾಡಿ

ತೋಟದಮನೆ ಹುಡುಗಿ:
ಎಲ್ಲರಿಗೂ ನಮಸ್ಕಾರ. ನಮ್ಮೂರು ತಿಪಟೂರಿನ ಹತ್ತಿರ. ಮುಂದಿನ ಭಾನುವಾರ ಶಾಲೆಯಲ್ಲಿ ರಕ್ತದಾನ ಶಿಬಿರ ಇಟ್ಟುಕೊಂಡಿದ್ದೇವೆ. ಹಳ್ಳಿಗಳಲ್ಲಿ ಹಂಚಲು 500 ಕರಪತ್ರ ಬೇಕು. ವರ್ಡ್‌ನ ರೆಡಿ ಟೆಂಪ್ಲೇಟ್‌ನಲ್ಲಿ ಇಂಗ್ಲಿಷ್ ಅಳಿಸಿ ಕನ್ನಡ ಹಾಕಿದೆ. ತಲೆಬರಹದ ‘ರಕ್ತದಾನ’ದಲ್ಲಿ ತ ಒತ್ತು ಅರ್ಧಕ್ಕೇ ಕಟ್ ಆಗುತ್ತದೆ. ಕೆಳಗಿನ ಸಾಲುಗಳನ್ನು ನುಡಿ ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿದ್ದೆ. ಝೆರಾಕ್ಸ್ ಅಂಗಡಿಯಲ್ಲಿ ತೆರೆದರೆ ಅದೆಲ್ಲ ಏನೇನೋ ಇಂಗ್ಲಿಷ್ ಅಕ್ಷರ!

ಡಿಟಿಪಿ ಅಣ್ಣ:
ತಂಗಿ, ಒತ್ತು ಕಟ್ ಆಗೋದಕ್ಕೆ ಫಾಂಟ್ ಕಾರಣ ಅಲ್ಲ. ಇಂಗ್ಲಿಷಿಗೆ ಮಾಡಿದ ಟೆಂಪ್ಲೇಟ್‌ಗಳಲ್ಲಿ ಎಷ್ಟೋ ಸಲ ಸಾಲಿನ ಎತ್ತರವನ್ನು ಬಿಗಿ ಮಾಡಿಟ್ಟಿರುತ್ತಾರೆ. ನಮ್ಮ ಅಕ್ಷರಕ್ಕೆ ಕೆಳಗೆ ಜಾಗ ಬೇಕಲ್ವಾ? ತಲೆಬರಹ ಸೆಲೆಕ್ಟ್ ಮಾಡಿ, ಪ್ಯಾರಾಗ್ರಾಫ್‌ಗೆ ಹೋಗಿ, ಲೈನ್ ಸ್ಪೇಸಿಂಗ್‌ನಲ್ಲಿ ‘ಎಕ್ಸಾಕ್ಟ್‌ಲಿ’ ಇದ್ದರೆ ‘ಮಲ್ಟಿಪಲ್’ ಮಾಡಿ 1.2 ಕೊಡಿ. ತ ಒತ್ತು ಪೂರ್ತಿ ಕಾಣುತ್ತದೆ.

ನುಡಿಯ ಹಳೇ ಫಾಂಟ್ ಆ ಅಂಗಡಿಯ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಹಾಗೇ ಆಗುತ್ತದೆ. ಎಲ್ಲ ಕಂಪ್ಯೂಟರುಗಳೂ ಗುರುತಿಸುವ ಅಕ್ಷರ ಪದ್ಧತಿಯಾದ ಯುನಿಕೋಡ್‌ನಲ್ಲಿ ಟೈಪ್ ಮಾಡಿ. ನೋಟೋ ಸಾನ್ಸ್ ಕನ್ನಡ ಅಥವಾ ದಪ್ಪಗೆ ಬೇಕಿದ್ದರೆ ಬಾಲೂ ತಮ್ಮ ಫಾಂಟ್ ಹಾಕಿ, ಎರಡೂ ಉಚಿತ. ಅಂಗಡಿಗೆ ಮಾತ್ರ ವರ್ಡ್ ಫೈಲ್ ಒಯ್ಯಲೇಬೇಡಿ, ಪಿಡಿಎಫ್ ಮಾಡಿಕೊಂಡು ಹೋಗಿ. ಫಾಂಟ್ ಅದರೊಳಗೇ ಸೇರಿಕೊಂಡಿರುತ್ತದೆ.

ಅಳತೆ ಎ5 ಇಡಿ, 148 × 210 ಮಿಲಿಮೀಟರ್. ಅದನ್ನೇ ಎರಡನೇ ಪುಟಕ್ಕೂ ಕಾಪಿ ಮಾಡಿ, ಪ್ರಿಂಟ್ ಕೊಡುವಾಗ ‘ಒಂದು ಹಾಳೆಗೆ 2 ಪುಟ’ ಅನ್ನಿ. ಎ4 ಹಾಳೆಯಲ್ಲಿ ಎರಡು ಸರಿಯಾಗಿ ಕೂರುತ್ತವೆ. 500ಕ್ಕೆ 250 ಹಾಳೆ, ಅರ್ಧ ರೀಮ್ ಸಾಕು.

ಚಿತ್ರ ಜರುಗಾಡುತ್ತಿದ್ದರೆ ಟೆಕ್ಸ್ಟ್ ಬಾಕ್ಸ್ ಜೊತೆ ಗುದ್ದಾಡಬೇಡಿ. ಎರಡು ಕಾಲಮ್ಮಿನ ಟೇಬಲ್ ಹಾಕಿ, ಒಂದರಲ್ಲಿ ಚಿತ್ರ, ಇನ್ನೊಂದರಲ್ಲಿ ಬರಹ, ಆಮೇಲೆ ಗೆರೆ ತೆಗೆದುಬಿಡಿ.

ಲ್ಯಾಬ್ ಅಕ್ಕ:
ನಾನು ರಕ್ತನಿಧಿಯಲ್ಲಿ ಕೆಲಸ ಮಾಡುತ್ತೇನೆ. ಅತಿಥಿಗಳ ಹೆಸರಿಗೆ ಅರ್ಧ ಪುಟ ಕೊಡಬೇಡಮ್ಮ, ದಯವಿಟ್ಟು. ದಾನಿಗೆ ಬೇಕಾದ್ದು ಹಾಕಿ: ವಯಸ್ಸು 18ರಿಂದ 65, ತೂಕ ಕನಿಷ್ಠ 45 ಕೆಜಿ. ಹಿಂದೆ ಕೊಟ್ಟಿದ್ದರೆ ಗಂಡಸರಿಗೆ 90 ದಿನ, ಹೆಂಗಸರಿಗೆ 120 ದಿನ ಆಗಿರಬೇಕು. ‘ತಿಂಡಿ ತಿಂದು ಬನ್ನಿ’ ಅನ್ನೋದನ್ನು ದಪ್ಪ ಅಕ್ಷರದಲ್ಲೇ ಹಾಕಿ. ಎಷ್ಟೋ ಜನ ರಕ್ತ ಪರೀಕ್ಷೆ ಅಂದುಕೊಂಡು ಖಾಲಿ ಹೊಟ್ಟೆಯಲ್ಲಿ ಬರುತ್ತಾರೆ, ತಲೆ ಸುತ್ತುತ್ತದೆ.

ತೋಟದಮನೆ ಹುಡುಗಿ:
ಒತ್ತು ಸರಿಹೋಯಿತು ಅಣ್ಣ! ಅಕ್ಕ, ತಿಂಡಿ ಸಾಲನ್ನು ದಿನಾಂಕದ ಕೆಳಗೇ ಹಾಕಿದೆ. ಕಲರ್ ಪ್ರಿಂಟ್‌ಗೆ ದುಡ್ಡು ಸಾಲುವುದಿಲ್ಲ. ಕಪ್ಪು ಬಿಳುಪೇ ಸಾಕಾ?

ಡಿಟಿಪಿ ಅಣ್ಣ:
ಧಾರಾಳ. ತಿಳಿ ಹಳದಿ ಹಾಳೆಗೆ ಕಪ್ಪು ಪ್ರಿಂಟ್ ಹೊಡೆಸಿ. ಕಡುಗೆಂಪು ಹಾಳೆ ಬೇಡ, ಅಕ್ಷರ ಓದೋಕಾಗಲ್ಲ. ಮೊದಲು ಒಂದೇ ಪ್ರತಿ ತೆಗೆಸಿ, ದಿನಾಂಕ, ವಾರ, ಫೋನ್ ನಂಬರ್ ಬೇರೆಯವರ ಕೈಲಿ ಓದಿಸಿ. ಆಮೇಲೆ ಉಳಿದದ್ದು ಹೊಡೆಸಿ.