ಕಳೆದ ವರ್ಷ ಮೊದಲ ಪಂದ್ಯಕ್ಕೇ ಮನೆಗೆ ಬಂದ ತಂಡ ಈ ವರ್ಷ ಎದ್ದು ನಿಲ್ಲೋಕೆ ಆಗುತ್ತಾ?

ಜೆರ್ಸಿ ನಂಬರ್ 9, ಮೈಸೂರು

ನಮಸ್ಕಾರ. ನಾನು ಮೈಸೂರಿನ ಒಂದು ಡಿಗ್ರಿ ಕಾಲೇಜಿನ ಹುಡುಗಿಯರ ಬಾಸ್ಕೆಟ್‌ಬಾಲ್ ತಂಡದ ಕ್ಯಾಪ್ಟನ್. ಕಳೆದ ಸಲ ಅಂತರ ಕಾಲೇಜು ಟೂರ್ನಿಯಲ್ಲಿ 58–17ರಿಂದ ಸೋತೆವು. ಒಂಬತ್ತು ಗಂಟೆಗೆ ಆಟ ಶುರುವಾಯಿತು, ಹತ್ತೂವರೆಗೆ ಬಸ್‌ಸ್ಟಾಪಿನಲ್ಲಿದ್ದೆವು. ದಾರಿಯುದ್ದಕ್ಕೂ ಯಾರೂ ಮಾತಾಡಲಿಲ್ಲ.

ಇಬ್ಬರು ಸೀನಿಯರ್‌ಗಳು ಓದು ಮುಗಿಸಿ ಹೋದರು. ಎತ್ತರದ ಹುಡುಗಿಯರು ಯಾರೂ ಹೊಸದಾಗಿ ಸೇರಿಲ್ಲ. ಬೇರೆ ಕೋಚ್ ಇಲ್ಲ. ಕಬಡ್ಡಿ, ಥ್ರೋಬಾಲ್, ಅಥ್ಲೆಟಿಕ್ಸ್ ಎಲ್ಲವನ್ನೂ ಪಿ.ಇ. ಮೇಡಂ ಒಬ್ಬರೇ ನೋಡಿಕೊಳ್ಳಬೇಕು. ಒಂದೇ ವರ್ಷದಲ್ಲಿ ತಿರುಗಿ ನಿಂತ ತಂಡವನ್ನು ಯಾರಾದರೂ ಹತ್ತಿರದಿಂದ ನೋಡಿದ್ದೀರಾ? ಅವರು ಏನು ಮಾಡಿದರು?

ಸರಸ್ವತಿಪುರಂ ಶೂಟರ್

ಎತ್ತರ ಇಲ್ಲದೆ ಕಷ್ಟ. ಪಿಯುಸಿಯಲ್ಲಿ ವಾಲಿಬಾಲ್ ಆಡಿದವರು ನಿಮ್ಮ ಕಾಲೇಜಿನಲ್ಲಿ ಇದ್ದೇ ಇರುತ್ತಾರೆ. ಕ್ಲಾಸ್ ಕ್ಲಾಸಿಗೆ ಹೋಗಿ ಕೇಳಿ. ರೀಬೌಂಡ್, ಅಂದರೆ ರಿಂಗಿಗೆ ಬೀಳದೆ ವಾಪಸ್ ಚಿಮ್ಮುವ ಚೆಂಡು, ಹಿಡಿಯೋಕೆ ಇಬ್ಬರು ಸಿಕ್ಕರೂ ಆಟ ಬದಲಾಗುತ್ತದೆ.

ನೂರಡಿ ರಸ್ತೆ, ಮಂಡ್ಯ

ಹುಡುಕೋದು ಹುಡುಕಿ, ತಪ್ಪಿಲ್ಲ. ಆದರೆ ಎತ್ತರದ ಮಾತು ನನಗೆ ಪೂರ್ತಿ ಒಪ್ಪಿಗೆಯಿಲ್ಲ.

ನನ್ನದು ಹಾರ್ಡ್‌ವೇರ್ ಅಂಗಡಿ. ಸಂಜೆ ಐದರಿಂದ ಏಳರವರೆಗೆ ತಮ್ಮ ಅಂಗಡಿ ನೋಡಿಕೊಳ್ಳುತ್ತಾನೆ, ನಾನು ಓದಿದ ಕಾಲೇಜಿನ ಹುಡುಗರ ಜೊತೆ ಕೋರ್ಟಿನಲ್ಲಿರುತ್ತೇನೆ. ಎರಡು ವರ್ಷದ ಹಿಂದೆ ನಮ್ಮವರೂ ಮೊದಲ ಪಂದ್ಯದಲ್ಲೇ 19 ಪಾಯಿಂಟ್‌ಗಳಿಂದ ಸೋತರು. ಎಲ್ಲರದ್ದೂ ಒಂದೇ ಮಾತು, ಆ ಕಡೆಯವರು ಉದ್ದ ಇದ್ದರು ಅಂತ. ನಾನು ಅಂಗಡಿ ಲೆಕ್ಕದ ಉದ್ದ ಪುಸ್ತಕದಲ್ಲಿ ಆಟದ ಲೆಕ್ಕವನ್ನೂ ಬರೆಯುತ್ತೇನೆ. ರಾತ್ರಿ ತೆಗೆದು ನೋಡಿದೆ. 24 ಫ್ರೀ ಥ್ರೋ (ಎದುರಾಳಿ ಫೌಲ್ ಮಾಡಿದಾಗ ಸಿಗುವ, ಬಿದ್ದರೆ ಒಂದು ಪಾಯಿಂಟ್‌ನ ಹೊಡೆತ) ಸಿಕ್ಕಿದ್ದವು, ಬಿದ್ದದ್ದು 7. ಅಂದರೆ 17 ಪಾಯಿಂಟ್ ಅಲ್ಲೇ ಹೋಯಿತು! ಗೆರೆಯಿಂದ ಬೋರ್ಡಿಗೆ 4.6 ಮೀಟರ್. ಮುಂದೆ ಅಡ್ಡ ನಿಲ್ಲುವವರು ಯಾರೂ ಇಲ್ಲ. ಅಲ್ಲಿ ಎದುರಾಳಿ ಎಷ್ಟು ಉದ್ದ ಇದ್ದರೇನು?

ಮಾರನೇ ದಿನದಿಂದ ಒಂದೇ ನಿಯಮ. 20 ಫ್ರೀ ಥ್ರೋ ಬೀಳಿಸದೆ ಯಾರೂ ಮನೆಗೆ ಹೋಗುವಂತಿಲ್ಲ. ಹೊಡೆದದ್ದಲ್ಲ, ಬಿದ್ದದ್ದು 20. ಅದೂ ಕೋರ್ಟಿನ ಆ ತುದಿಯಿಂದ ಈ ತುದಿಗೆ ಐದು ಸಲ ಓಡಿ, ಏದುಸಿರು ಬಿಡುತ್ತಲೇ. ಪಂದ್ಯದಲ್ಲಿ ಯಾರೂ ಸುಧಾರಿಸಿಕೊಂಡು ಬಂದು ಹೊಡೆಯುವುದಿಲ್ಲ, ಅಲ್ವಾ?

ಕಬ್ಬು ಕಡಿಯುವ ಕಾಲದಲ್ಲಿ ಲಾರಿ, ಟ್ರ್ಯಾಕ್ಟರುಗಳ ಧೂಳೆಲ್ಲ ನಮ್ಮ ಸಿಮೆಂಟ್ ಕೋರ್ಟಿನ ಮೇಲೆ. ಶೂ ಜಾರುತ್ತದೆ. ಕಡ್ಡಿಪೊರಕೆಯಲ್ಲಿ ಗುಡಿಸಿ, ಒದ್ದೆ ಗೋಣಿಚೀಲ ಎಳೆದು ಆಮೇಲೆ ಆಟ. ಪಾಂಡವಪುರದ ಕಡೆಯ ಒಬ್ಬ ಹುಡುಗ ಕೊನೆಯ ಬಸ್ಸು ತಪ್ಪುತ್ತದೆ ಅಂತ ಎಲ್ಲರಿಗಿಂತ ಮುಂಚೆ ಬಂದು, ತಾನೇ ಗುಡಿಸಿ, ತನ್ನ 20 ಮುಗಿಸಿಕೊಳ್ಳುತ್ತಿದ್ದ. ಮೂರು ಸಲ ಚೆಂಡು ಕುಟ್ಟುವುದು, ಉಸಿರು ಬಿಡುವುದು, ಮಂಡಿ ಬಗ್ಗಿಸುವುದು, ಹೊಡೆಯುವುದು. ದಿನಾ ಅದೇ. ಆ ಕುಟ್ಟುವ ಸದ್ದು ಗೇಟಿನ ಹತ್ತಿರ ಕೇಳಿಸಿದರೆ ಅವನು ಬಂದಿದ್ದಾನೆ ಅಂತ ಗೊತ್ತಾಗುತ್ತಿತ್ತು.

ಮುಂದಿನ ವರ್ಷ ಸೆಮಿಫೈನಲ್‌ನಲ್ಲಿ ಅದೇ ತಂಡ ಸಿಕ್ಕಿತು. 22 ಫ್ರೀ ಥ್ರೋದಲ್ಲಿ 16 ಬಿದ್ದವು. ಮೂರು ಪಾಯಿಂಟ್‌ಗಳಿಂದ ಗೆದ್ದೆವು. ಫೈನಲ್ ಸೋತೆವು, ಆದರೆ ಆ ಸೆಮಿಫೈನಲ್ ನಾನು ಸಾಯುವವರೆಗೆ ಮರೆಯಲ್ಲ.

ಹುಡುಗರಿಗೆ ಅಮೆರಿಕದ ವರ್ಜೀನಿಯಾ ಯೂನಿವರ್ಸಿಟಿಯ ಕಥೆ ಹೇಳಿದ್ದೆ, ನಿಮಗೂ ಹೇಳುತ್ತೇನೆ. 2018ರ ಮಾರ್ಚ್ 16. ಆ ದೇಶದ ದೊಡ್ಡ ಕಾಲೇಜು ಟೂರ್ನಿಗೆ ಅವರು ನಂಬರ್ ಒನ್ ಆಗಿ ಬಂದವರು. ಎದುರಿಗೆ ಕಟ್ಟಕಡೆಯ 16ನೇ ಶ್ರೇಯಾಂಕದ ಯುಎಂಬಿಸಿ ಅನ್ನೋ ಯೂನಿವರ್ಸಿಟಿ. ಅಲ್ಲಿಯವರೆಗೆ ಪುರುಷರ ಟೂರ್ನಿಯಲ್ಲಿ ಅಂಥ 135 ಪಂದ್ಯಗಳು ನಡೆದಿದ್ದವು, ನಂಬರ್ ಒನ್ ಒಂದನ್ನೂ ಸೋತಿರಲಿಲ್ಲ. ಅರ್ಧ ಆಟಕ್ಕೆ 21–21. ಕೊನೆಗೆ ವರ್ಜೀನಿಯಾ 74–54ರಿಂದ ಸೋತಿತು. ಊರೆಲ್ಲ ನಕ್ಕಿತು.

ಕೋಚ್ ಟೋನಿ ಬೆನೆಟ್ ಆಟದ ಬುನಾದಿ ಬದಲಿಸಲಿಲ್ಲ. ರಿಂಗಿನ ಹತ್ತಿರ ಗುಂಪಾಗಿ ನಿಂತು ತಡೆಯುವ ಅದೇ ಡಿಫೆನ್ಸ್, ಅದೇ ನಿಧಾನದ ಆಟ. ಮಣಿಕಟ್ಟು ಮುರಿದು ಆ ಪಂದ್ಯ ಆಡದಿದ್ದ ಡಿಆಂಡ್ರೆ ಹಂಟರ್ ವಾಪಸ್ ಬಂದ. ಅದು ದೊಡ್ಡ ಬಲ, ಬರೀ ಛಲದಿಂದ ಗೆದ್ದರು ಅಂದರೆ ಸುಳ್ಳಾಗುತ್ತದೆ. ಆದರೂ 2019ರ ಮೊದಲ ಪಂದ್ಯದಲ್ಲಿ, ಮತ್ತೆ 16ನೇ ಶ್ರೇಯಾಂಕದವರ ಎದುರಿಗೇ, 14 ಪಾಯಿಂಟ್ ಹಿಂದೆ ಬಿದ್ದರು. ಆ ಹೊತ್ತಿನಲ್ಲಿ ಆ ಹುಡುಗರ ಹೊಟ್ಟೆಯೊಳಗೆ ಏನಾಗಿರಬೇಕು, ನೀವೇ ಊಹಿಸಿ. 71–56ರಿಂದ ಗೆದ್ದರು.

ಸೆಮಿಫೈನಲ್‌ನಲ್ಲಿ ಆಬರ್ನ್ ವಿರುದ್ಧ ಎರಡು ಪಾಯಿಂಟ್ ಹಿಂದೆ, ಉಳಿದದ್ದು 0.6 ಸೆಕೆಂಡ್. ವರ್ಜೀನಿಯಾದ ಕೈಲ್ ಗಯ್‌ಗೆ ಮೂರು ಫ್ರೀ ಥ್ರೋ ಸಿಕ್ಕಿತು. ಮೂರೂ ಬಿದ್ದವು. 63–62. ಅದಕ್ಕೆ ಸ್ವಲ್ಪ ಮುಂಚೆ ರೆಫರಿಗಳು ವರ್ಜೀನಿಯಾದ ಒಂದು ಡಬಲ್ ಡ್ರಿಬಲ್ (ಚೆಂಡು ಕುಟ್ಟುವುದನ್ನು ನಿಲ್ಲಿಸಿ ಮತ್ತೆ ಕುಟ್ಟುವ ತಪ್ಪು) ಹಿಡಿಯಲಿಲ್ಲ, ಅದೂ ನಿಜ. ಆದರೆ ಆ ಮೂರನ್ನು ಹಾಕಿದ್ದು ಅವನ ಕೈ. ಏಪ್ರಿಲ್ 8ರಂದು ಟೆಕ್ಸಸ್ ಟೆಕ್ ತಂಡವನ್ನು ಓವರ್‌ಟೈಮ್‌ನಲ್ಲಿ 85–77ರಿಂದ ಸೋಲಿಸಿ ಮೊದಲ ಸಲ ಚಾಂಪಿಯನ್ ಆದರು.

ತಂಗಿ, ನಿಮ್ಮ ಹತ್ತಿರ ಆ ಪಂದ್ಯದ ಲೆಕ್ಕ ಇದೆಯಾ?

ಜೆರ್ಸಿ ನಂಬರ್ 9, ಮೈಸೂರು

ಅಣ್ಣ, ಸ್ಕೋರ್ ಶೀಟಿನ ಫೋಟೋ ಮೇಡಂ ಫೋನಿನಲ್ಲಿತ್ತು. 12 ಫ್ರೀ ಥ್ರೋದಲ್ಲಿ 3 ಬಿದ್ದಿವೆ. ಆದರೆ ನಾವು ಸೋತಿದ್ದು 41ರಿಂದ. ಉಳಿದದ್ದು ಎಲ್ಲಿ ಹೋಯಿತು?

ನೂರಡಿ ರಸ್ತೆ, ಮಂಡ್ಯ

ಅದು ಸ್ಕೋರ್ ಶೀಟಿನಲ್ಲಿ ಸಿಗಲ್ಲ. ಹೊಡೆಯೋಕೆ ಮುಂಚೆಯೇ ಚೆಂಡು ಕಳೆದುಕೊಂಡಿರುತ್ತೀರಿ. ಒಬ್ಬರನ್ನು ಹೊರಗೆ ಕೂರಿಸಿ, ಪ್ರಾಕ್ಟೀಸಿನಲ್ಲೇ ಲೆಕ್ಕ ಹಾಕಿಸಿ. ಚೆಂಡು ಕೈ ತಪ್ಪಿದಾಗಲೆಲ್ಲ ಒಂದು ಗೀಟು. ಎಲ್ಲಿ, ಯಾರ ಕೈಯಿಂದ, ಪಾಸಿನಲ್ಲೋ ಡ್ರಿಬಲ್‌ನಲ್ಲೋ, ಅಷ್ಟೂ ಬರೆಯಲಿ. ಬೈಯೋದಕ್ಕಲ್ಲ ಅಂತ ಮೊದಲೇ ಹೇಳಿಬಿಡಿ.

ಆಮೇಲೆ ದಿನಾ ಇಪ್ಪತ್ತು ನಿಮಿಷ ಡ್ರಿಬಲ್ ಇಲ್ಲದ ಆಟ ಆಡಿ. ಐವರು ಐವರಂತೆ, ಬರೀ ಪಾಸ್. ಹತ್ತು ಪಾಸ್ ಆಗದೆ ರಿಂಗಿನ ಕಡೆ ನೋಡುವಂತಿಲ್ಲ. ಮೊದಲ ವಾರ ನಾಲ್ಕಕ್ಕೇ ನಿಲ್ಲುತ್ತದೆ, ಜಗಳವೂ ಆಗುತ್ತದೆ. ಬಿಡಬೇಡಿ. ಚೆಂಡು ಇಲ್ಲದವರು ಓಡಿ ಜಾಗ ಮಾಡಿಕೊಡೋದನ್ನು ನಮ್ಮ ಹುಡುಗರು ಕಲಿತದ್ದು ಇದರಲ್ಲೇ.

ಜೆರ್ಸಿ ನಂಬರ್ 9, ಮೈಸೂರು

ನಾಳೆ ಬೆಳಿಗ್ಗೆ ಆರಕ್ಕೇ ಶುರು ಮಾಡುತ್ತೇವೆ, ಮೇಡಂ ಬೀಗದ ಕೈ ಕೊಟ್ಟಿದ್ದಾರೆ. ರಿಂಗಿನ ಹತ್ತಿರ ಆಡುವ ನಮ್ಮ ಸೆಂಟರ್ ಹುಡುಗಿಗೆ ಮಂಡಿ ನೋವು, ಇನ್ನೂ ಮೂರು ವಾರ ಓಡುವಂತಿಲ್ಲ. ತಂಡದಿಂದ ಬಿಡಿಸಿಬಿಡುತ್ತಾರೇನೋ ಅಂತ ಅಳುತ್ತಿದ್ದಳು. ಲೆಕ್ಕ ಬರೆಯೋದು ಅವಳೇ. ಈಗ ತಾನೇ ಫೋನ್ ಮಾಡಿ, ಇನ್ನೂರು ಪುಟದ ನೋಟ್‌ಬುಕ್ ತಗೊಂಡೆ, ಸಾಕಾ ಅಂತ ಕೇಳಿದಳು.